ಚೇತಕ್ ನಿಜಕ್ಕೂ ಜೀವರಕ್ಷಣಾ ಹೆಲಿಕಾಪ್ಟರಾ?

ಬೆಂಗಳೂರಿನ ವಿಭೂತಿಪುರದ ಓದುಗರೊಬ್ಬರ ಪ್ರಶ್ನೆ: ನಮ್ಮ ತಂದೆ ಎಚ್‌ಎಎಲ್‌ನ ಹೆಲಿಕಾಪ್ಟರ್ ಡಿವಿಜನ್‌ನಲ್ಲಿ ಫಿಟ್ಟರ್ ಆಗಿದ್ದರು. ಚೇತಕ್ ಜೋಡಿಸುವ ಕೆಲಸ. ‘ನಾವು ಮಾಡಿದ ಮೆಷಿನ್ ಎಷ್ಟೋ ಜನರ ಜೀವ ಉಳಿಸಿದೆ’ ಅಂತ ಈಗಲೂ ಹೇಳುತ್ತಾರೆ. ಆದರೆ 2022ರಲ್ಲಿ ನಂದಿಬೆಟ್ಟದಲ್ಲಿ ಸಿಕ್ಕಿಕೊಂಡ ಹುಡುಗನನ್ನು ಎತ್ತಿದ್ದು ಎಂಐ-17. ಕೇರಳದ ಪ್ರವಾಹದಲ್ಲಿ ಮನೆಯ ತಾರಸಿ ಮೇಲೆ ಇಳಿದದ್ದು ಸೀ ಕಿಂಗ್. ಹಾಗಾದರೆ ಚೇತಕ್ ಮಾಡಿದ್ದೇನು? ಅದು ರಕ್ಷಣೆಗೆ ಅಂತಲೇ ಹುಟ್ಟಿದ ಹೆಲಿಕಾಪ್ಟರಾ? ಅರವತ್ತು ವರ್ಷದ ವಿನ್ಯಾಸ ಇನ್ನೂ ಯಾಕೆ ಹಾರುತ್ತಿದೆ? ಇನ್ನೊಂದು ಸಣ್ಣ ಪ್ರಶ್ನೆ: ನಮ್ಮ ಮಹಡಿ ಮೇಲೆ ಹಾದುಹೋಗುವ ಹೆಲಿಕಾಪ್ಟರ್ ಯಾವುದು ಅಂತ ಗುರುತು ಹಿಡಿಯೋದು ಹೇಗೆ?

ಉತ್ತರ:

ನಿಮ್ಮ ತಂದೆ ಹೇಳಿದ್ದು ನಿಜ. ಆದರೆ ಚೇತಕ್ ರಕ್ಷಣೆಗೆ ಅಂತಲೇ ಹುಟ್ಟಿದ್ದಲ್ಲ. ನಮ್ಮ ದೇಶದಲ್ಲಿ ಅದನ್ನು ಬರೀ ರಕ್ಷಣೆಗೆ ಅಂತ ಮೀಸಲಿಟ್ಟವರೂ ಕಡಿಮೆ. ಸಾಮಾನು ಸಾಗಿಸಲು, ಗಡಿ ನೋಡಿಬರಲು, ಅಧಿಕಾರಿಗಳನ್ನು ಕರೆದೊಯ್ಯಲು, ಪೈಲಟ್‌ಗಳಿಗೆ ಪಾಠ ಹೇಳಲು, ಕೊನೆಗೆ ಸಬ್‌ಮರೀನ್ ಮೇಲೆ ಟಾರ್ಪಿಡೊ ಹಾಕಲೂ ಅದನ್ನೇ ಬಳಸಿದರು. ಅಪಾಯ ಬಂದಾಗ ಹತ್ತಿರದಲ್ಲಿ ಇರುತ್ತಿದ್ದದ್ದು ಅದೇ. ಹಾಗಾಗಿ ಜೀವ ಉಳಿಸುವ ಕೆಲಸವೂ ಅದರ ಪಾಲಿಗೆ ಬಂತು. ಚೇತಕ್‌ನ ರಕ್ಷಣಾ ಚರಿತ್ರೆ ಅಂದರೆ ಮುಖ್ಯವಾಗಿ ಈ ‘ಹತ್ತಿರ ಇರುವಿಕೆ’ಯ ಚರಿತ್ರೆ. ನಾನು ವರ್ಷಗಟ್ಟಲೆ ಹೆಲಿಕಾಪ್ಟರ್ ನಿರ್ವಹಣೆಯ ಕೆಲಸದಲ್ಲಿ ಇದ್ದವನು. ಆದ್ದರಿಂದ ಎಂಜಿನ್ ಕಡೆಯಿಂದಲೇ ಶುರು ಮಾಡುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಚೇತಕ್‌ನ ಮೂಲ ಫ್ರಾನ್ಸ್‌ನ ಅಲೂಯೆಟ್-3. ಸುದ್ ಏವಿಯೇಷನ್ ಕಂಪನಿ ಮಾಡಿದ್ದು. ಮೊದಲ ಹಾರಾಟ 1959ರ ಫೆಬ್ರವರಿಯಲ್ಲಿ. ಮರುವರ್ಷವೇ ಏಳು ಜನರನ್ನು ಹೊತ್ತು ಆಲ್ಪ್ಸ್‌ನ ಮೋಂಟ್ ಬ್ಲಾಂಕ್ ಮೇಲೆ, 4,810 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಏರಿತು. ಅದೇ ವರ್ಷದ ಕೊನೆಗೆ ಹಿಮಾಲಯಕ್ಕೂ ಬಂದು, 6,000 ಮೀಟರ್ ಎತ್ತರದಲ್ಲಿ ಇಳಿದು ತೋರಿಸಿತು. ಇದು ಸುಮ್ನೆ ಪ್ರಚಾರದ ಸಾಹಸ ಅಲ್ಲ. ಕೊಳ್ಳುವವರು ಯಾರು ಅಂತ ಅವರಿಗೆ ಗೊತ್ತಿತ್ತು. ಉತ್ತರದ ಗಡಿ ಬಿಸಿಯಾಗುತ್ತಿದ್ದ ಕಾಲ ಅದು. 1962ರಲ್ಲಿ ಭಾರತದ ವಾಯುಪಡೆಗೆ ಈ ಹೆಲಿಕಾಪ್ಟರ್ ಬಂತು. ಅದೇ ವರ್ಷ ಎಚ್‌ಎಎಲ್ ಜೊತೆ ಲೈಸೆನ್ಸ್ ಒಪ್ಪಂದವೂ ಆಯಿತು. 1965ರಲ್ಲಿ ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ಮೆಷಿನ್ ಹಾರಿತು. ರಾಣಾ ಪ್ರತಾಪನ ಕುದುರೆಯ ಹೆಸರು ಅದಕ್ಕೆ ಅಂಟಿತು. ಅಲ್ಲಿಂದ ಮುಂದೆ ಎಚ್‌ಎಎಲ್ 300ಕ್ಕೂ ಹೆಚ್ಚು ಚೇತಕ್ ಮಾಡಿದೆ. ಎಂಜಿನ್ ಕೂಡ ಇಲ್ಲೇ ತಯಾರಾಯಿತು.

ಆ ಎಂಜಿನ್‌ನಲ್ಲೇ ಇದೆ ಗುಟ್ಟು. ಹೆಸರು ಆರ್ಟೂಸ್ಟ್-3ಬಿ. ಸಮುದ್ರ ಮಟ್ಟದಲ್ಲಿ ಅದು 850 ಹಾರ್ಸ್‌ಪವರ್‌ಗೂ ಜಾಸ್ತಿ ಕೊಡಬಲ್ಲದು. ಆದರೆ ಹೆಲಿಕಾಪ್ಟರ್‌ನಲ್ಲಿ ಅದನ್ನು ಬೇಕೆಂದೇ 570ರ ಆಸುಪಾಸಿಗೆ ಕಟ್ಟಿಹಾಕಿದ್ದಾರೆ. ಉಳಿದದ್ದು ಮೀಸಲು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಯಾವ ಎಂಜಿನ್‌ಗೂ ಶಕ್ತಿ ಕುಗ್ಗುತ್ತದೆ. ಇಲ್ಲಿ ಮಾತ್ರ ಕುಗ್ಗುವುದು ಮೊದಲು ಆ ಮೀಸಲಿನಿಂದ. ಹಾಗಾಗಿ ಸಾವಿರಾರು ಅಡಿ ಏರಿದ ಮೇಲೂ ಪೈಲಟ್‌ನ ಕೈಗೆ ಸಿಗುವ ಶಕ್ತಿ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಇದು ರಕ್ಷಣೆಗೆ ಯಾಕೆ ಮುಖ್ಯ? ಹೆಲಿಕಾಪ್ಟರ್‌ಗೆ ಅತಿ ಹೆಚ್ಚು ಶಕ್ತಿ ಬೇಕಾಗುವುದು ವೇಗವಾಗಿ ಹಾರುವಾಗ ಅಂತ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು, ಅಂದರೆ ಹೋವರ್ ಮಾಡುವುದು, ಮಧ್ಯಮ ವೇಗದಲ್ಲಿ ಮುಂದೆ ಹೋಗುವುದಕ್ಕಿಂತ ಎಷ್ಟೋ ದುಬಾರಿ. ನೆಲದ ಹತ್ತಿರ ನಿಂತರೆ ನೆತ್ತಿಯ ಮೇಲೆ ತಿರುಗುವ ರೆಕ್ಕೆ ತಳ್ಳಿದ ಗಾಳಿ ನೆಲದ ಆಸರೆಯಿಂದ ಸ್ವಲ್ಪ ನೆರವು ಕೊಡುತ್ತದೆ. ಬಂಡೆಯ ಅಂಚಿನಲ್ಲೋ, ಅಲೆಗಳ ಮೇಲೋ, ಮರಗಳ ಮೇಲೋ ವಿಂಚ್‌ನ (ಜನರನ್ನು ಎತ್ತುವ ರಾಟೆಯ) ಹಗ್ಗ ಇಳಿಬಿಟ್ಟು ನಿಂತಾಗ ಆ ನೆರವೂ ಇಲ್ಲ. ಮೇಲಿಂದ ಒಬ್ಬರ ತೂಕ ಹೊಸದಾಗಿ ಸೇರುತ್ತದೆ. ಹೊತ್ತು ತಂದ ಇಂಧನವೂ ಭಾರವೇ. ರಕ್ಷಣಾ ಹಾರಾಟದ ಲೆಕ್ಕ ಎಲ್ಲಾ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಈ ಎತ್ತರದಲ್ಲಿ, ಈ ಬಿಸಿಲಿನಲ್ಲಿ, ಹೋವರ್ ಮಾಡಲು ಬೇಕಾದ್ದಕ್ಕಿಂತ ಎಷ್ಟು ಶಕ್ತಿ ಉಳಿದಿದೆ?

ಬೆಂಗಳೂರಿನಲ್ಲೇ ಇದನ್ನು ನೋಡಬಹುದು. ಎಚ್‌ಎಎಲ್ ರನ್‌ವೇ ಸಮುದ್ರ ಮಟ್ಟದಿಂದ 2,900 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಗೆ ಗಾಳಿ ಇನ್ನೂ ಹಗುರವಾಗುತ್ತದೆ. ಹೆಲಿಕಾಪ್ಟರ್ ಪಾಲಿಗೆ ಆಗ ಬೆಂಗಳೂರು ಇರುವುದಕ್ಕಿಂತ ಎತ್ತರದ ಊರು. ಪಣಂಬೂರಿನ ಕಡಲ ಮೇಲೆ ಬೆಳಿಗ್ಗೆ ಸಲೀಸಾಗಿ ಎತ್ತಿದ ಭಾರವನ್ನು ಇಲ್ಲಿ ಮಧ್ಯಾಹ್ನ ಎತ್ತಲು ಹೋದರೆ ಮೀಸಲು ಕಡಿಮೆ ಇರುವ ಎಂಜಿನ್‌ನ ತಾಪಮಾನದ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ.

ಆರ್ಟೂಸ್ಟ್‌ನ ಇನ್ನೊಂದು ಗುಣ ಹೇಳಲೇಬೇಕು. ಇದರಲ್ಲಿ ಕಂಪ್ರೆಸರ್, ಟರ್ಬೈನ್, ರೋಟರ್‌ಗೆ ಹೋಗುವ ಶಾಫ್ಟ್ ಎಲ್ಲ ಒಂದೇ ಸಾಲು. ಎಂಜಿನ್ ಸದಾ ಒಂದೇ ವೇಗದಲ್ಲಿ, ನಿಮಿಷಕ್ಕೆ 33,500 ಸುತ್ತು ತಿರುಗುತ್ತಿರುತ್ತದೆ. ಪೈಲಟ್ ಕಾಲೆಕ್ಟಿವ್ (ಮೇಲೇರಿಸುವ ಹಿಡಿ) ಎಳೆದರೆ ಇಂಧನ ಮಾತ್ರ ಹೆಚ್ಚಾಗುತ್ತದೆ. ಎಂಜಿನ್ ವೇಗ ಹಿಡಿಯಲಿ ಅಂತ ಕಾಯಬೇಕಿಲ್ಲ. ಗಾಳಿ ಹೊಡೆತಕ್ಕೆ ಹೆಲಿಕಾಪ್ಟರ್ ಕುಸಿದಾಗ ಆ ಅರ್ಧ ಸೆಕೆಂಡ್ ಎಷ್ಟು ಬೆಲೆಬಾಳುತ್ತದೆ ಅಂತ ಬೆಟ್ಟದಲ್ಲಿ ಹಾರಿಸಿದವರನ್ನು ಕೇಳಬೇಕು. ಬೆಲೆಯೂ ಇದೆ. ಇಂಧನ ಕುಡಿಯೋದರಲ್ಲಿ ಇದು ಭಾರಿ ಹೊಟ್ಟೆಬಾಕ. ಪೂರ್ತಿ ತುಂಬಿಸಿದರೂ ಹೋಗುವ ದೂರ ಸುಮಾರು 500 ಕಿ.ಮೀ. ಹೋಗಿ, ಹುಡುಕಿ, ಎತ್ತಿಕೊಂಡು ಬರಬೇಕು ಅಂದರೆ ಅದರ ಅರ್ಧಕ್ಕಿಂತ ಕಡಿಮೆ. ಸಮುದ್ರದಲ್ಲಿ ಇದು ದೊಡ್ಡ ಮಿತಿ.

ಈಗ ಸೇವೆಯ ಕಥೆಗೆ ಬರೋಣ.

ಯುದ್ಧದ ಭಾಗವನ್ನು ಬೇಗ ಮುಗಿಸುತ್ತೇನೆ. 1971ರ ಡಿಸೆಂಬರ್ 3ರ ರಾತ್ರಿ ಬಾಂಗ್ಲಾದೇಶದ ಪೈಲಟ್‌ಗಳ ‘ಕಿಲೋ ಫ್ಲೈಟ್’ ತಂಡ ಒಂದು ಅಲೂಯೆಟ್-3ಕ್ಕೆ ರಾಕೆಟ್ ಕಟ್ಟಿಕೊಂಡು ನಾರಾಯಣಗಂಜ್‌ನ ತೈಲ ಡಿಪೋ ಮೇಲೆ ದಾಳಿ ಮಾಡಿತು. ಅವರ ತರಬೇತಿ ನಡೆದದ್ದು ನಾಗಾಲ್ಯಾಂಡ್‌ನ ದಿಮಾಪುರದಲ್ಲಿ. ಸ್ಟ್ರೆಚರ್ ಹೊರುವ ಮೆಷಿನ್‌ಗೆ ಹೀಗೂ ಒಂದು ಚರಿತ್ರೆ ಇದೆ.

ರಕ್ಷಣೆಯ ಕಥೆ ಗಟ್ಟಿಯಾಗಿರುವುದು ನೌಕಾಪಡೆಯಲ್ಲಿ. ಹಳೆಯ ವಿಮಾನವಾಹಕ ನೌಕೆ ವಿಕ್ರಾಂತ್ ಮೇಲೆ ಅಲಿಝೆ, ಸೀ ಹಾಕ್ ವಿಮಾನಗಳು ಏರುವ, ಇಳಿಯುವ ಹೊತ್ತಿನಲ್ಲಿ ಒಂದು ಹೆಲಿಕಾಪ್ಟರ್ ಮೊದಲೇ ಗಾಳಿಗೆ ಏರಿ, ಹಡಗಿನ ಪಕ್ಕದಲ್ಲಿ ಸುಮ್ಮನೆ ಕಾಯುತ್ತಿತ್ತು. ಇದಕ್ಕೆ ಪ್ಲೇನ್ ಗಾರ್ಡ್ ಅಂತಾರೆ. ವಿಮಾನ ತಪ್ಪಿ ನೀರಿಗೆ ಬಿದ್ದರೆ ಪೈಲಟ್ ಮುಳುಗುವ ಮೊದಲು ಅಲ್ಲಿಗೆ ಮುಟ್ಟಬೇಕು. ಡೈವರ್ ಬಾಗಿಲಲ್ಲೇ ಕಾಲು ಇಳಿಬಿಟ್ಟು ಕೂತಿರುತ್ತಾನೆ. ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಆಗುವುದಿದ್ದರೆ ಒಂದು ನಿಮಿಷದಲ್ಲಿ ಎಲ್ಲಾ ಮುಗಿದುಹೋಗುತ್ತದೆ. ಈ ಕೆಲಸಕ್ಕೆ ಅಂತಲೇ ಬೆಳೆದ ಸ್ಕ್ವಾಡ್ರನ್ ಐಎನ್‌ಎಎಸ್ 321. 1969ರಲ್ಲಿ ಶುರುವಾಯಿತು. ಅದರ ಅಡ್ಡಹೆಸರು ‘ಏಂಜಲ್ಸ್’. ಸಮುದ್ರಕ್ಕೆ ಬಿದ್ದವನ ಕಣ್ಣಿಗೆ ಆ ಹೆಸರು ಅತಿಯಾಯಿತು ಅನ್ನಿಸಲಿಕ್ಕಿಲ್ಲ.

ಚಿಕ್ಕ ಯುದ್ಧನೌಕೆಗಳಿಗೂ ಚೇತಕ್ ಒಗ್ಗಿತು. ಎರಡು ಟನ್‌ನಷ್ಟು ತೂಕ, ಮಡಚಬಹುದಾದ ಮೂರು ರೆಕ್ಕೆ, ಪುಟ್ಟ ಹ್ಯಾಂಗರ್ ಸಾಕು. ಬೇಕಾದರೆ ಟಾರ್ಪಿಡೊ ಕಟ್ಟಬಹುದು, ಬೇಡವಾದರೆ ವಿಂಚ್ ಹಾಕಬಹುದು. ಹಡಗಿನಲ್ಲಿ ಒಬ್ಬ ನಾವಿಕನಿಗೆ ಅಪೆಂಡಿಕ್ಸ್ ಒಡೆದರೆ ದಡಕ್ಕೆ ಒಯ್ಯುವುದೂ ಅದೇ. ಇಂಥ ಹಾರಾಟಗಳು ಪೇಪರ್‌ನಲ್ಲಿ ಬರುವುದಿಲ್ಲ. ನಿಮ್ಮ ತಂದೆ ಹೇಳುವ ‘ಎಷ್ಟೋ ಜನ’ದಲ್ಲಿ ಬಹುಪಾಲು ಇಂಥವರೇ.

ಕೋಸ್ಟ್ ಗಾರ್ಡ್‌ನ ವಿಮಾನಯಾನ ಶುರುವಾದದ್ದೇ ಚೇತಕ್‌ನಿಂದ, 1982ರಲ್ಲಿ, ಗೋವಾದಲ್ಲಿ. ನಮ್ಮ ಸಮುದ್ರದಲ್ಲಿ ಹುಡುಕಾಟ ಮತ್ತು ರಕ್ಷಣೆಯ ಮೊದಲ ಜವಾಬ್ದಾರಿ ಕಾನೂನಿನ ಪ್ರಕಾರ ಕೋಸ್ಟ್ ಗಾರ್ಡ್‌ನದು. ಮುಂಬೈ, ಚೆನ್ನೈ, ಪೋರ್ಟ್ ಬ್ಲೇರ್‌ನಲ್ಲಿ ಅದರ ಸಮನ್ವಯ ಕೇಂದ್ರಗಳಿವೆ. ಕಡಲಿನಿಂದ ಸಹಾಯ ಕೇಳಲು 1554 ಅಂತ ಉಚಿತ ನಂಬರ್ ಇದೆ. ಮಲ್ಪೆ, ಕಾರವಾರದ ಕಡೆ ನೆಂಟರಿದ್ದರೆ ಈ ನಂಬರ್ ಅವರಿಗೂ ಹೇಳಿಡಿ.

ಈಗ ವಿಂಚ್ ಕೆಲಸ ನಡೆಯುವ ಬಗೆ. ಟೀವಿಯಲ್ಲಿ ನೋಡಿದಾಗ ಹಗ್ಗ ಇಳಿಯಿತು, ಮನುಷ್ಯ ಬಂದ ಅಷ್ಟೇ ಕಾಣುತ್ತದೆ. ಒಳಗೆ ಬೇರೆಯೇ ನಾಟಕ ನಡೆದಿರುತ್ತದೆ. ಹೆಲಿಕಾಪ್ಟರ್‌ನ ಹೊಟ್ಟೆಯ ಕೆಳಗೆ ಏನಿದೆ ಅಂತ ಪೈಲಟ್‌ಗೆ ಕಾಣುವುದಿಲ್ಲ. ಬಾಗಿಲ ಬಳಿ ಬಾಗಿ ನೋಡುವ ವಿಂಚ್ ಆಪರೇಟರ್‌ನೇ ಅವನ ಕಣ್ಣು. ‘ಮುಂದೆ ಎರಡು ಮೀಟರ್, ಬಲಕ್ಕೆ ಒಂದು, ನಿಲ್ಲು, ನಿಲ್ಲು’ ಅಂತ ಅವನು ಹೇಳುತ್ತಾ ಹೋಗುತ್ತಾನೆ. ಪೈಲಟ್ ದೂರದ ಒಂದು ಬಂಡೆಯನ್ನೋ ಮರವನ್ನೋ ದಿಟ್ಟಿಸಿಕೊಂಡು ಅದರಂತೆ ಮೆಷಿನ್ ಸರಿಸುತ್ತಾನೆ. ನಡು ಸಮುದ್ರದಲ್ಲಿ ಬಂಡೆಯೂ ಇಲ್ಲ, ಮರವೂ ಇಲ್ಲ. ಎದುರಿಗಿರುವುದೆಲ್ಲ ಓಡುವ ಅಲೆ. ಅದನ್ನೇ ನೋಡುತ್ತಾ ನಿಂತರೆ ತಾನು ಹಿಂದಕ್ಕೆ ಜಾರುತ್ತಿದ್ದೇನೆ ಅಂತ ಭ್ರಮೆ ಹುಟ್ಟುತ್ತದೆ. ಇಂಥ ಹೊತ್ತಿನಲ್ಲಿ ನಿಂತ ಜಾಗದಲ್ಲೇ ನಿಲ್ಲಿಸಲು ಹೊಸ ಹೆಲಿಕಾಪ್ಟರ್‌ಗಳಲ್ಲಿ ಆಟೊಪೈಲಟ್ ನೆರವಿದೆ. ಚೇತಕ್‌ನಲ್ಲಿ ಇಲ್ಲ. ಎರಡು ಕೈ, ಎರಡು ಕಾಲು, ಅಷ್ಟೇ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ರೆಕ್ಕೆ ಗಾಳಿ ಸೀಳುವಾಗ ಹೆಲಿಕಾಪ್ಟರ್ ಮೈಮೇಲೆ ಸ್ಥಾಯಿ ವಿದ್ಯುತ್ ಸೇರಿಕೊಳ್ಳುತ್ತದೆ. ಕೇಬಲ್‌ನ ಕೊಕ್ಕೆ ಮೊದಲು ನೀರನ್ನೋ ನೆಲವನ್ನೋ ಮುಟ್ಟಬೇಕು. ಅದಕ್ಕಿಂತ ಮೊದಲೇ ಮನುಷ್ಯ ಕೈ ಹಾಕಿದರೆ ಶಾಕ್ ಹೊಡೆಯುತ್ತದೆ. ಗಾಬರಿಯಲ್ಲಿರುವ ಜನ ಮೊದಲು ಮಾಡುವುದೇ ಅದನ್ನು. ಅದಕ್ಕೇ ಸಾಧ್ಯವಿದ್ದ ಕಡೆಯೆಲ್ಲ ಡೈವರ್ ಮೊದಲು ಇಳಿಯುತ್ತಾನೆ.

ಚೇತಕ್‌ನ ವಿಂಚ್ 175 ಕೆ.ಜಿ. ಎತ್ತುತ್ತದೆ. ಡೈವರ್ ಜೊತೆಗೆ ಒಬ್ಬರು, ಅಷ್ಟೇ. ಕ್ಯಾಬಿನ್‌ನಲ್ಲಿ ಪೈಲಟ್ ಸೇರಿ ಏಳು ಜನರ ಜಾಗ. ಸ್ಟ್ರೆಚರ್ ಹಾಕಿದರೆ ಎರಡು. ಹತ್ತು ಜನ ಕಾಯುತ್ತಿದ್ದರೆ ಮೂರ್ನಾಲ್ಕು ಸಲ ಹೋಗಿಬರಬೇಕು. ಇಲ್ಲೇ ನಿಮ್ಮ ನಂದಿಬೆಟ್ಟದ ಪ್ರಶ್ನೆಗೂ ಉತ್ತರ ಇದೆ.

2022ರ ಫೆಬ್ರವರಿ 20ರಂದು ನಂದಿಬೆಟ್ಟದ ಬ್ರಹ್ಮಗಿರಿ ಬಂಡೆಗಳಲ್ಲಿ ದೆಹಲಿ ಮೂಲದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿ ಬಿದ್ದು ಸಿಕ್ಕಿಕೊಂಡ. ಕೆಳಗಿನಿಂದ ಹತ್ತಲು, ಮೇಲಿನಿಂದ ಇಳಿಯಲು ಆಗದ ಜಾಗ. ಯಲಹಂಕ ವಾಯುನೆಲೆಯ ಎಂಐ-17 ಹೋಗಿ ವಿಂಚ್‌ನಿಂದ ಎತ್ತಿ ತಂದಿತು. ಯಾಕೆ ಎಂಐ-17? ಮುಖ್ಯ ಕಾರಣ, ಅದು ಯಲಹಂಕದಲ್ಲಿತ್ತು. ಬೆಟ್ಟ ಅಲ್ಲಿಂದ ಕೂಗಳತೆಯ ದೂರ. ಎರಡು ಎಂಜಿನ್ ಇರುವುದು, ಒಳಗೆ ವೈದ್ಯಕೀಯ ಸಿಬ್ಬಂದಿ ನಿಂತು ಕೆಲಸ ಮಾಡುವಷ್ಟು ಜಾಗ ಇರುವುದು ಇವೂ ಅನುಕೂಲವೇ. ಅಲ್ಲಿ ಚೇತಕ್ ಇದ್ದಿದ್ದರೆ ಅದೂ ಹೋಗುತ್ತಿತ್ತು ಅಂತ ನನ್ನ ಅನಿಸಿಕೆ.

ದೊಡ್ಡದು ಯಾವಾಗಲೂ ಮೇಲು ಅಂತಲೂ ಅಲ್ಲ. ಎಂಐ-17 ಹದಿಮೂರು ಟನ್‌ವರೆಗೆ ತೂಗುವ ಮೆಷಿನ್, ರೋಟರ್ ಅಗಲ 21 ಮೀಟರ್‌ಗೂ ಹೆಚ್ಚು. ಅಷ್ಟು ತೂಕ ಗಾಳಿಯಲ್ಲಿ ನಿಲ್ಲಬೇಕು ಅಂದರೆ ಅಷ್ಟೇ ಬಲದಲ್ಲಿ ಗಾಳಿಯನ್ನು ಕೆಳಗೆ ತಳ್ಳಬೇಕು. ಆ ಡೌನ್‌ವಾಶ್‌ಗೆ ಹೆಂಚು ಹಾರುತ್ತದೆ, ತಗಡು ಹಾರುತ್ತದೆ, ನೀರಲ್ಲಿ ತೇಲುತ್ತಿರುವವನ ಮುಖಕ್ಕೆ ಉಸಿರಾಡಲು ಬಿಡದಷ್ಟು ತುಂತುರು ಬಡಿಯುತ್ತದೆ. 11 ಮೀಟರ್ ರೋಟರ್‌ನ ಚೇತಕ್ ಎರಡು ಮನೆಗಳ ನಡುವೆ, ತೆಂಗಿನ ಮರಗಳ ಸಂದಿಯಲ್ಲಿ ನುಸುಳಿ ನಿಲ್ಲಬಲ್ಲದು. ದೊಡ್ಡದರಲ್ಲಿ ಅಂಥ ಕಡೆ ನುಗ್ಗುವುದಕ್ಕೆ ಬೇರೆಯದೇ ಧೈರ್ಯ ಬೇಕು. ನೀವು ಹೇಳಿದ 2018ರ ಕೇರಳದ ಘಟನೆ ಅಂಥದ್ದು. ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ಅಭಿಜಿತ್ ಗರುಡ್ ಸೀ ಕಿಂಗ್ ಅನ್ನು ಒಂದು ಮನೆಯ ತಾರಸಿ ಮೇಲೆ ಇಳಿಸಿದರು. ಪೂರ್ತಿ ಇಳಿಸಲಿಲ್ಲ. ಚಕ್ರ ತಾಗಿಸಿ, ತೂಕವನ್ನು ರೋಟರ್ ಮೇಲೇ ಹಿಡಿದು ನಿಂತರು. ಪೂರ್ತಿ ತೂಕ ಬಿಟ್ಟಿದ್ದರೆ ತಾರಸಿ ಕುಸಿಯುತ್ತಿತ್ತು. 26 ಜನರನ್ನು ಎತ್ತಿದರು.

1992ರ ಅಕ್ಟೋಬರ್‌ನಲ್ಲಿ ಹಿಮಾಚಲದ ಪರ್ವಾಣೂ ಬಳಿ ಟಿಂಬರ್ ಟ್ರೇಲ್ ರೋಪ್‌ವೇ ಕೇಬಲ್ ಕಡಿದಾಗಲೂ ಎಂಐ-17 ಬೇಕಾಯಿತು. ಕಣಿವೆಯ ನಡುವೆ ನೇತಾಡುತ್ತಿದ್ದ ಡಬ್ಬಿಯಿಂದ ಹತ್ತು ಜನರನ್ನು ಒಬ್ಬೊಬ್ಬರನ್ನಾಗಿ ಎತ್ತಿದರು. ಹೆಲಿಕಾಪ್ಟರ್ ನಡೆಸಿದವರು ಫಾಲಿ ಹೋಮಿ ಮೇಜರ್, ಮುಂದೆ ವಾಯುಪಡೆಯ ಮುಖ್ಯಸ್ಥರಾದರು. ಡಬ್ಬಿಗೆ ಇಳಿದವರು ಕಮಾಂಡೊ ಮೇಜರ್ ಇವಾನ್ ಜೋಸೆಫ್ ಕ್ರಾಸ್ಟೊ. ಕತ್ತಲಾದಾಗ ಕೆಲಸ ನಿಂತಿತು. ಅವರು ವಾಪಸ್ ಬರದೆ ಪ್ರಯಾಣಿಕರ ಜೊತೆ ರಾತ್ರಿಯಿಡೀ ಅಲ್ಲೇ ಕೂತರು. ಚೇತಕ್ ಕಥೆಯಲ್ಲಿ ಇದಕ್ಕೆ ಜಾಗ ಇಲ್ಲ, ನಿಜ. ಆದರೆ ಮಿಲಿಟರಿ ರಕ್ಷಣೆ ಬಗ್ಗೆ ಬರೆಯುತ್ತಾ ಇದನ್ನು ಬಿಡಲು ಮನಸ್ಸು ಬರಲಿಲ್ಲ.

ಮಂಜಿನ ಎತ್ತರಕ್ಕೆ ಹೋಗೋಣ. ಅಲ್ಲಿ ಎಂಐ-17ರ ಆಟ ನಡೆಯುವುದಿಲ್ಲ. ಸಿಯಾಚಿನ್‌ನಲ್ಲಿ ಆಪರೇಷನ್ ಮೇಘದೂತ್ ನಡೆದದ್ದು 1984ರ ಏಪ್ರಿಲ್‌ನಲ್ಲಿ. ಆದರೆ ವಾಯುಪಡೆಯ ಹೆಲಿಕಾಪ್ಟರ್ ಆ ಹಿಮನದಿಯ ಮೇಲೆ ಮೊದಲು ಇಳಿದದ್ದು 1978ರ ಅಕ್ಟೋಬರ್‌ನಲ್ಲಿ. ಅದು ಚೇತಕ್. ಆಮೇಲೆ ಆ ಕೆಲಸ ಮುಖ್ಯವಾಗಿ ಅದರ ತಮ್ಮ ಚೀತಾಗೆ ಹೋಯಿತು. ಚೀತಾ ಅಂದರೆ ಹಳೆಯ ಅಲೂಯೆಟ್-2ರ ಹಗುರ ಮೈಗೆ ಅಲೂಯೆಟ್-3ರ ಎಂಜಿನ್, ರೋಟರ್ ಕೂಡಿಸಿದ್ದು. ಭಾರತದ ಎತ್ತರದ ಗಡಿಗೆ ಬೇಕು ಅಂತಲೇ ಫ್ರೆಂಚರು ರೂಪಿಸಿದ ಮೆಷಿನ್, ಅಲ್ಲಿ ಅದರ ಹೆಸರು ಲಾಮಾ. 1972ರ ಜೂನ್ 21ರಂದು ಝಾನ್ ಬೂಲೆ ಅನ್ನುವ ಪೈಲಟ್ ಇದರಲ್ಲಿ 12,442 ಮೀಟರ್ ಏರಿದರು. ಅಷ್ಟು ಮೇಲೆ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ಎಂಜಿನ್ ಇಲ್ಲದೆಯೇ, ರೋಟರ್ ಗಾಳಿಗೆ ತಿರುಗುವ ಬಲದಲ್ಲೇ ಅವರು ನೆಲಕ್ಕೆ ಇಳಿದರು. ಒಂದು ಹಾರಾಟಕ್ಕೆ ಎರಡು ದಾಖಲೆ.

ಸಿಯಾಚಿನ್‌ನ ಅತಿ ಎತ್ತರದ ಚೌಕಿಗಳಿಗೆ ಚೀತಾ ಒಯ್ಯುವ ಸಾಮಾನು ಕೆಲವೊಮ್ಮೆ ಒಂದು ಸೂಟ್‌ಕೇಸ್‌ನಷ್ಟು. ಬಾಗಿಲು, ಸೀಟು ಕಳಚಿ, ಇಂಧನ ಅಳೆದು ತುಂಬಿಸಿ ಹೊರಡುತ್ತಾರೆ. ಎಂಜಿನ್ ನಿಲ್ಲಿಸುವ ಮಾತೇ ಇಲ್ಲ. ಆ ಚಳಿಯಲ್ಲಿ, ಆ ಗಾಳಿಯಲ್ಲಿ ಮತ್ತೆ ಹೊತ್ತದಿದ್ದರೆ ಹೆಲಿಕಾಪ್ಟರ್ ಅಲ್ಲೇ ಉಳಿಯಿತು ಅಂತ ಲೆಕ್ಕ. ಇಳಿದು, ರೋಟರ್ ತಿರುಗುತ್ತಿರುವಾಗಲೇ ಸೀಮೆಎಣ್ಣೆ ಡಬ್ಬ ಕೆಳಗೆ, ಹಿಮಕಚ್ಚಿದ ಸೈನಿಕ ಮೇಲೆ. ಒಂದು ನಿಮಿಷವೂ ಇಲ್ಲ, ಮತ್ತೆ ಗಾಳಿಗೆ. ಈ ‘ಕ್ಯಾಶುವಾಲ್ಟಿ’ ಹಾರಾಟಗಳೇ ನಮ್ಮ ಸೇನೆಯ ರಕ್ಷಣಾ ಚರಿತ್ರೆಯ ದೊಡ್ಡ ಅಧ್ಯಾಯ ಅಂತ ನಾನು ತಿಳಿದಿದ್ದೇನೆ. ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿದವನಿಗೆ ನಿಜವಾದ ಔಷಧಿ ಕೆಳಕ್ಕೆ ಇಳಿಯುವುದು. ಬೇಗ ಇಳಿಸಲು ಹೆಲಿಕಾಪ್ಟರ್ ಬಿಟ್ಟು ದಾರಿ ಇಲ್ಲ.

ಕನ್ನಡಿಗರಿಗೆ ಸಿಯಾಚಿನ್ ಅಂದ ತಕ್ಷಣ ನೆನಪಾಗುವ ಹೆಸರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆಯ ಬೆಟದೂರಿನವರು. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಮ್ ಚೌಕಿಯ ಮೇಲೆ ಹಿಮಕುಸಿತ ಆಯಿತು. ಹತ್ತು ಜನ ಹೂತುಹೋದರು. ಬಂಡೆಯಷ್ಟು ಗಟ್ಟಿಯಾದ ಮಂಜನ್ನು ಕೊರೆಯಲು ಡ್ರಿಲ್, ಗರಗಸ, ಹುಡುಕಲು ರಡಾರ್, ನಾಯಿಗಳು ಎಲ್ಲವನ್ನೂ ಅಷ್ಟೆತ್ತರಕ್ಕೆ ಮುಟ್ಟಿಸಬೇಕಿತ್ತು. ಆರನೇ ದಿನ ಹನುಮಂತಪ್ಪ ಜೀವಂತ ಸಿಕ್ಕರು. ಹೆಲಿಕಾಪ್ಟರ್‌ನಲ್ಲಿ ಕೆಳಗೆ ತಂದು, ಅಲ್ಲಿಂದ ವಿಮಾನದಲ್ಲಿ ದೆಹಲಿಗೆ ಒಯ್ದರು. 11ರಂದು ತೀರಿಕೊಂಡರು. ರಾಜ್ಯವೇ ಟೀವಿ ಮುಂದೆ ಕೂತಿತ್ತು, ಅಲ್ವಾ? ಆ ದಿನಗಳಲ್ಲಿ ಬೆಂಗಳೂರಿನ ಹ್ಯಾಂಗರ್‌ಗಳಲ್ಲೂ ಮಾತೆಲ್ಲ ಅದೇ ಆಗಿತ್ತು.

ನಮ್ಮ ಕರಾವಳಿಯದ್ದೂ ಒಂದು ಘಟನೆ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಚೇತಕ್ ನಂತರದ ಪೀಳಿಗೆ ಕಾಣುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ‘ಕೋರಮಂಡಲ್ ಸಪೋರ್ಟರ್’ ಅನ್ನುವ ಟಗ್ ಕಾಪು ಬಳಿ ಬಂಡೆಗೆ ಸಿಕ್ಕಿಕೊಂಡಿತು. ಒಳಗೆ ಒಂಬತ್ತು ಜನ. ಕಡಲು ಕುದಿಯುತ್ತಿತ್ತು. ಕೋಸ್ಟ್ ಗಾರ್ಡ್ ಹಡಗು ವರಾಹಕ್ಕೆ ಬಂಡೆಗಳ ಹತ್ತಿರ ಹೋಗಲು ಆಗಲಿಲ್ಲ. ಕೊನೆಗೆ ಕೋಸ್ಟ್ ಗಾರ್ಡ್ ಕೆಲವರನ್ನು, ಕೊಚ್ಚಿಯಿಂದ ಬಂದ ನೌಕಾಪಡೆಯ ಧ್ರುವ್ ಹೆಲಿಕಾಪ್ಟರ್ ಉಳಿದವರನ್ನು ತಂದವು. ಒಂಬತ್ತೂ ಜನ ಬದುಕಿದರು. ಧ್ರುವ್ ಕೂಡ ನಮ್ಮ ಬೆಂಗಳೂರಿನದೇ. 1992ರ ಆಗಸ್ಟ್ 20ರಂದು ಇಲ್ಲೇ ಮೊದಲು ಹಾರಿತು. ಎರಡು ಎಂಜಿನ್, ನಾಲ್ಕು ರೆಕ್ಕೆ, ಐದೂವರೆ ಟನ್. ಅಂಥ ಗಾಳಿಯಲ್ಲಿ ಕೊಚ್ಚಿಯಿಂದ ಕಾಪುವರೆಗೆ ಬಂದು ವಿಂಚ್ ಮಾಡುವ ಕೆಲಸವನ್ನು ಒಂಟಿ ಎಂಜಿನ್‌ನ ಚೇತಕ್‌ಗೆ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಬೇರೆ ದೇಶದಲ್ಲಿ ಇದೇ ಮೆಷಿನ್ ಹೇಗೆ ಬದುಕಿತು ಅಂತ ನೋಡಿದರೆ ನಮ್ಮ ಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ. ಐರ್ಲೆಂಡ್ 1963ರಲ್ಲಿ ಅಲೂಯೆಟ್-3 ಕೊಂಡಿತು, ಅದೂ ಮುಖ್ಯವಾಗಿ ರಕ್ಷಣೆಗಾಗಿಯೇ. ಎಲ್ಲ ಸೇರಿ ಎಂಟು ಹೆಲಿಕಾಪ್ಟರ್. 1,717 ರಕ್ಷಣಾ ಹಾರಾಟ, 542 ಜೀವ ಅಂತ ಅವರ ಲೆಕ್ಕ ಇದೆ. 2007ರಲ್ಲಿ ಸಮಾರಂಭ ಮಾಡಿ ನಿವೃತ್ತಿ ಕೊಟ್ಟರು. ಸ್ವಿಟ್ಜರ್‌ಲೆಂಡ್ ವಾಯುಪಡೆ 2010ರಲ್ಲಿ ಬಿಟ್ಟಿತು. ನಾವು 2017ರಲ್ಲಿ ನೌಕಾಪಡೆಗೆ ಇನ್ನೂ ಎಂಟು ಹೊಸ ಚೇತಕ್‌ಗೆ ಆರ್ಡರ್ ಕೊಟ್ಟೆವು! 2022ರ ಏಪ್ರಿಲ್‌ನಲ್ಲಿ ಹೈದರಾಬಾದ್ ಬಳಿಯ ಹಕೀಂಪೇಟೆ ವಾಯುನೆಲೆಯಲ್ಲಿ ಅರವತ್ತು ವರ್ಷದ ಸಂಭ್ರಮವೂ ನಡೆಯಿತು.

ಯಾಕೆ ಹೀಗೆ? ಪ್ರೀತಿಯಿಂದ ಅಲ್ಲ, ಬದಲಿ ಬರಲಿಲ್ಲ. ರಷ್ಯಾದ ಕಾಮೊವ್-226ಟಿ 200 ಬರುತ್ತವೆ ಅಂತ 2015ರಲ್ಲಿ ಮಾತಾಯಿತು, ಒಂದೂ ಬರಲಿಲ್ಲ. ನೌಕಾಪಡೆಗೆ 111 ಹೊಸ ಹೆಲಿಕಾಪ್ಟರ್ ಅಂತ 2018ರಲ್ಲಿ ಒಪ್ಪಿಗೆ ಸಿಕ್ಕಿತು, ಕಡತ ಅಲ್ಲೇ ನಿಂತಿತು. ಧ್ರುವ್‌ನ ರೆಕ್ಕೆಗಳನ್ನು ಚಿಕ್ಕ ಹಡಗಿನ ಹ್ಯಾಂಗರ್‌ಗೆ ಹೊಂದುವಂತೆ ಮಡಚುವುದು ಸಮಸ್ಯೆಯಾಯಿತು, ಹಾಗಾಗಿ ಹಡಗುಗಳಲ್ಲಿ ಚೇತಕ್ ಉಳಿಯಿತು. ಎಚ್‌ಎಎಲ್‌ನದೇ ಲಘು ಹೆಲಿಕಾಪ್ಟರ್ ಎಲ್‌ಯುಎಚ್ 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾರಿತು. ಅದಕ್ಕಾಗಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಹಳೇ ಮೆಷಿನ್‌ನ ಪಾಲಿಗೆ ಆ ಎಲ್‌ಯುಎಚ್ ಈಗಿನ ನಿಜವಾದ ಬದಲಿ. ಅಷ್ಟರಲ್ಲಿ 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಬಿದ್ದು ಮೂವರು ಸತ್ತರು. ದೇಶದ ಧ್ರುವ್‌ಗಳೆಲ್ಲ ತಿಂಗಳುಗಟ್ಟಲೆ ನೆಲ ಹಿಡಿದವು. ಸೇನೆಯಲ್ಲಿ ಆ ಭಾರ ಬಿದ್ದದ್ದು ಮತ್ತೆ ಚೇತಕ್, ಚೀತಾ ಮೇಲೆ.

ಇಲ್ಲಿ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಬಿಡಿಭಾಗ ಬದಲಿಸಿ, ಓವರ್‌ಹಾಲ್ ಮಾಡಿ ಒಂದು ಹೆಲಿಕಾಪ್ಟರನ್ನು ಗಟ್ಟಿಯಾಗಿ ಇಡಬಹುದು. ಹಾಗಾಗಿ ‘ಹಳೆಯದು’ ಅನ್ನುವುದೊಂದೇ ದೋಷ ಅಲ್ಲ. ಆದರೆ ಮೋಡದೊಳಗೆ ದಾರಿ ತೋರಿಸುವ ಸಾಧನ ಇಲ್ಲ, ಆಟೊಪೈಲಟ್ ಇಲ್ಲ, ಎಂಜಿನ್ ಒಂದೇ. ಅರುಣಾಚಲದ ಕಣಿವೆಗಳಲ್ಲಿ ಹವಾಮಾನ ಕೈಕೊಟ್ಟಾಗ ಇವುಗಳ ಕೊರತೆಗೆ ಬೆಲೆ ತೆತ್ತವರು ಪೈಲಟ್‌ಗಳು. 2022ರ ಅಕ್ಟೋಬರ್‌ನಲ್ಲಿ ತವಾಂಗ್ ಬಳಿ, 2023ರ ಮಾರ್ಚ್‌ನಲ್ಲಿ ಮಂಡಲಾ ಬಳಿ ಚೀತಾಗಳು ಬಿದ್ದವು. ಇತರರನ್ನು ಕಾಪಾಡಲು ಕಳಿಸುವ ಮೆಷಿನ್ ಅದರೊಳಗೆ ಕೂತವರನ್ನೂ ಕಾಪಾಡುವಂತಿರಬೇಕು. ಈ ಮೆಷಿನ್‌ಗಳಿಗೆ ಹತ್ತು ವರ್ಷ ಹಿಂದೆಯೇ ವಿಶ್ರಾಂತಿ ಕೊಡಬೇಕಿತ್ತು. ಇದನ್ನು ನಿಮ್ಮ ತಂದೆಯವರ ಕೆಲಸಕ್ಕೆ ಅವಮಾನ ಅಂತ ತಿಳಿಯಬೇಡಿ. ಅಷ್ಟು ಕಾಲ ಬಾಳುವಂತೆ ಜೋಡಿಸಿದ್ದೇ ಅವರಂಥವರು.

ಇನ್ನು ಗುರುತು ಹಿಡಿಯುವ ವಿಷಯ. ಮಹಡಿ ಮೇಲೆ ನಿಂತು ಮೊದಲು ಕಾಲು ನೋಡಿ, ಆಮೇಲೆ ಬಾಲ. ಮೂರು ಚಕ್ರ, ಮುಂದೆ ದೊಡ್ಡ ಗಾಜು, ತಗಡು ಮುಚ್ಚಿದ ಬಾಲ, ನೆತ್ತಿಯ ಮೇಲೆ ಬಯಲಾಗಿ ಕೂತ ಎಂಜಿನ್ ಇದ್ದರೆ ಚೇತಕ್. ಚಕ್ರದ ಬದಲು ಕೊಳವೆಯಂಥ ಸ್ಕಿಡ್, ಗುಂಡನೆ ಗಾಜಿನ ಗುಳ್ಳೆ, ಕರೆಂಟ್ ಟವರ್ ಹಾಗೆ ಒಳಗೆಲ್ಲ ಕಾಣುವ ಸರಳುಗಳ ಬಾಲ ಇದ್ದರೆ ಚೀತಾ. ಎರಡಕ್ಕೂ ಮೂರೇ ರೆಕ್ಕೆ. ನಾಲ್ಕು ರೆಕ್ಕೆ, ಮೈಯೆಲ್ಲ ಮುಚ್ಚಿ ದುಂಡಗಾಗಿದ್ದು, ಬಾಲದ ಅಡ್ಡಪಟ್ಟಿಯ ಎರಡೂ ತುದಿಯಲ್ಲಿ ನಿಂತ ಫಲಕ ಇದ್ದರೆ ಧ್ರುವ್. ವಿಭೂತಿಪುರದ ಮೇಲೆ ನಿಮಗೆ ಜಾಸ್ತಿ ಸಿಗುವುದು ಧ್ರುವ್ ಮತ್ತು ಎಲ್‌ಯುಎಚ್. ಎಲ್‌ಯುಎಚ್‌ಗೂ ಸ್ಕಿಡ್ ಇದೆ, ಆದರೆ ಬಾಲ ಪೂರ್ತಿ ಮುಚ್ಚಿರುತ್ತದೆ. ಚೀತಾ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಸದ್ದಿನಿಂದ ಹೇಳಬೇಕು ಅಂದರೆ ನಿಮ್ಮ ತಂದೆಯವರನ್ನೇ ಕೇಳಿ. ಆರ್ಟೂಸ್ಟ್ ಎಂಜಿನ್‌ನ ಆ ಚೂಪಾದ ಸಿಳ್ಳನ್ನು ಅವರು ಕಣ್ಣು ಮುಚ್ಚಿಕೊಂಡೇ ಗುರುತಿಸುತ್ತಾರೆ.